ಉಸುಕಿನ ಗುಡ್ಡೆಯ ಬಾಣಂತಿ

ಗೊತ್ತಿಲ್ಲದ ವಿಷಯವನ್ನು ಗಟ್ಟಿ ದನಿಯಲ್ಲಿ ಹೇಳುವ ಚಟ ನನಗಿದೆ. ಮಾಸ್ತರಿಕೆಗೆ ಅದೇ ಬಂಡವಾಳ. ಎಪ್ಪತ್ತರ ದಶಕದಲ್ಲಿ ಮಾನ್ವಿಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಪ್ರತಿವರ್ಷ ಬೋರ್ಡಿನ ಮೇಲೆ ಓತಿಕ್ಯಾತದ ಚಿತ್ರ ಬಿಡಿಸಿ, 'ಒಣನೆಲದ ಪ್ರಾಣಿ, ಮೈಮೇಲೆ ಹುರುಪೆ, ಬೆನ್ನಿಗೆ ಮುಳ್ಳಿನ ಸಾಲು, ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ' ಎಂದು ಹುಡುಗರಿಗೆ ಬರೆಸುತ್ತಿದ್ದೆ. ಅದು ಮೊಟ್ಟೆಯಿಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ, ಹುಡುಗರೂ ಕೇಳಿರಲಿಲ್ಲ.

ನಮ್ಮ ಮನೆಗೆ ಬಚ್ಚಲಿರಲಿಲ್ಲ. ಹಿತ್ತಲಲ್ಲಿ ಹಾಸಿದ ಒಂದು ಪರಸಿ ಕಲ್ಲು, ಸುತ್ತ ಗೋಣಿತಟ್ಟಿನ ಮರೆ, ಅಷ್ಟೇ. ಹೆಂಡತಿ ಶಾಂತವ್ವ ಮದುವೆಯಾದಾಗಿನಿಂದ ಬಚ್ಚಲು ಕೇಳುತ್ತಿದ್ದಳು, ನಾನೂ ಅಂದಿನಿಂದ 'ಹೂಂ' ಎನ್ನುತ್ತಿದ್ದೆ. ದೇವದುರ್ಗಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ಬರುವುದು ಖಾತ್ರಿಯಾದಾಗ ಆ ಹೂಂ ಸಾಲದಾಯಿತು. "ಬಾಣಂತಿಗೆ, ಕೂಸಿಗೆ ತಟ್ಟಿನ ಮರಿಯಾಗ ನೀರು ಎರೀಬೇಕೇನ್ರಿ?" ಎಂದಳು. ಒಂದೇ ವಾರದಲ್ಲಿ ತುಂಗಭದ್ರೆಯ ಉಸುಕು ಎರಡು ಬಂಡಿ ಬಂದು ಬಿತ್ತು. ಹಿಂದೆಯೇ ಗೋಡೆ ಕಟ್ಟುವ ಗೌಂಡಿ ಖಾಜಾಸಾಬನೂ ಬಂದ.

ಮೊದಲ ಮಳೆಯಾದ ಮರುದಿನ ನೋಡಿದರೆ, ಉಸುಕಿನ ಮೇಲೆ ಮಣ್ಣು ಬಣ್ಣದ ಓತಿಕ್ಯಾತವೊಂದು ಮುಂಗಾಲಿನಿಂದ ಗುಂಡಿ ತೋಡುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಕೆಂಪು ಮೋರೆಯ ಇನ್ನೊಂದು ಕೂತು ಸುಮ್ಮನೆ ತಲೆಯಾಡಿಸುತ್ತಿತ್ತು.

"ಹುಳ ಹುಡುಕಾಕತ್ತದ," ಎಂದೆ ಗಟ್ಟಿ ದನಿಯಲ್ಲಿ.

"ಅದರ ಹೊಟ್ಟಿ ನೋಡ್ರಿ. ಮೂರು ಹಡೆದಾಕಿ ನಾನು, ನನಗ ಹೇಳ್ತೀರಿ? ಅಕಿ ಹಡಿಯಾಕ ಬಂದಾಳ," ಎಂದಳು ಶಾಂತವ್ವ.

ಅಷ್ಟರಲ್ಲಿ ಅದು ಬಾಲದ ಕಡೆಯಿಂದ ಗುಂಡಿಗಿಳಿದು ಶೇಂಗಾ ಕಾಳಿನಂಥ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟಿತು. ಹನ್ನೆರಡರವರೆಗೆ ಎಣಿಸಿದೆವು. ಆಮೇಲೆ ಉಸುಕು ಎಳೆದು ಮುಚ್ಚಿ, ಮೂತಿಯಿಂದ ಬಡಿದು ಬಡಿದು ಗಟ್ಟಿ ಮಾಡಿ, ಬೇಲಿ ಸೇರಿಬಿಟ್ಟಿತು. "ನನಗಿಂತ ಗಿಲಾವ ಚಲೋ ಮಾಡ್ತದ್ರೀ ಮಾಸ್ತರ," ಎಂದ ಖಾಜಾಸಾಬ.

ಶಾಂತವ್ವ ಆ ಜಾಗಕ್ಕೆ ಬುಟ್ಟಿ ಬೋರಲು ಹಾಕಿ ಮೇಲೊಂದು ಕಲ್ಲಿಟ್ಟಳು. "ತವರಿಗಿ ಬಂದಾಕಿ ಮಕ್ಕಳನ್ನ ಎಬ್ಬಿಸಿ ಕಳಸ್ತೀರೇನು? ನಾಳಿ ನಮ್ಮ ಮಗಳೂ ಬರಾಕಿ ಅದಾಳ." ಎಷ್ಟು ದಿನ ಕಾಯಬೇಕೆಂದು ಖಾಜಾಸಾಬ ನನ್ನನ್ನೇ ಕೇಳಿದ, ವಿಜ್ಞಾನದ ಮಾಸ್ತರನಲ್ಲವೇ! "ಎಂಟು ದಿನ," ಎಂದುಬಿಟ್ಟೆ.

ಒಂದೂವರೆ ತಿಂಗಳಾಯಿತು. ಬುಟ್ಟಿಯಿಂದ ದೂರದ ಉಸುಕೆಲ್ಲ ಮುಗಿದು ಗೋಡೆ ಎದೆಮಟ್ಟಕ್ಕೆ ನಿಂತಿತು. ಹೊಳೆ ತುಂಬಿದ್ದರಿಂದ ಮತ್ತೊಂದು ಬಂಡಿ ತರಿಸುವಂತೆಯೂ ಇರಲಿಲ್ಲ. ಮಗಳನ್ನು ಕರೆತಂದ ಬೀಗರು ಸ್ನಾನಕ್ಕೆ ನಿಂತರೆ ತಲೆ ಹೊರಗೆ! ಓಣಿಯವರೆಲ್ಲ "ಆರಾಮದೀರೇನ್ರಿ?" ಎಂದು ವಿಚಾರಿಸಿದರು. ಪಾಪ, ಸೋಪು ಕಣ್ಣಿಗಿಳಿದರೂ ಅವರು ಎಲ್ಲರಿಗೂ ಕೈಮುಗಿದರು. ನಾಚಿಕೆಯಿಂದ ನನ್ನ ಜೀವ ಹಿಡಿಯಾಯಿತು. ಮಗಳಿಗೆ ದಿನ ಹತ್ತಿರವಾದಂತೆ ನಿಜವಾಗಿಯೂ ಹೆದರಿಕೆಯಾಯಿತು.

ಒಂದು ಬೆಳಿಗ್ಗೆ ಸಿಟ್ಟಿನಿಂದ ಹೋಗಿ ಬುಟ್ಟಿ ಎತ್ತಿದೆ. ಉಸುಕು ತಾನಾಗಿಯೇ ಅಲುಗುತ್ತಿತ್ತು. ಬೆರಳುದ್ದದ ಮರಿಯೊಂದು, ಅದರಲ್ಲೂ ಮುಕ್ಕಾಲು ಬರೀ ಬಾಲ, ತಲೆ ಹೊರಹಾಕಿ ನನ್ನನ್ನು ನೋಡಿ ಓಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಾಂತವ್ವ ಬೇಲಿಯ ಕಡೆ ತಿರುಗಿ, "ಒಮ್ಮಿನೂ ಹೊಳ್ಳಿ ನೋಡಲಿಲ್ಲಲ್ಲ, ಎಂಥಾ ತಾಯಿ ಬೇ ನೀ!" ಎಂದು ಬೈದಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಎರಡೇ ದಿನದಲ್ಲಿ ಖಾಜಾಸಾಬ ಉಳಿದ ಉಸುಕಿನಲ್ಲಿ ಗೋಡೆ ಮುಗಿಸಿದ. ಮುಂದಿನ ವಾರ ಮೊಮ್ಮಗಳು ಹುಟ್ಟಿದಳು. ಒಳಗೆ ಕೂಸಿಗೆ ಎರೆಯುತ್ತಿದ್ದರೆ ನಾನು ಹಿತ್ತಲ ಕಲ್ಲಿನ ಮೇಲೆ ಕೂತಿದ್ದೆ. ಹೊಸ ಗೋಡೆಯ ಮೇಲೆ ಅದೇ ಕೆಂಪು ಮೋರೆಯ ಗಂಡು. ಗುಂಡಿ ತೋಡಿದ್ದರಲ್ಲಿ, ಮುಚ್ಚಿದ್ದರಲ್ಲಿ, ಕಾದದ್ದರಲ್ಲಿ ಅದು ಕೈಹಚ್ಚಿದ್ದನ್ನು ನಾನು ಕಾಣೆ. ಎತ್ತರದಲ್ಲಿ ಕೂತು ತಲೆಯಾಡಿಸಿದ್ದೊಂದೇ ಅದರ ಸಂಸಾರ. ಎಂಥ ದಂಡಪಿಂಡ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಶಾಂತವ್ವನ ದನಿ ಬಂತು: "ಕುಂತೇ ಇದ್ದೀರೇನು? ಇನ್ನೊಂದು ಕೊಡ ಬಿಸಿನೀರು ತರ್ರಿ!"

ಸಿಟ್ಟಿಗೋ ನಾಚಿಕೆಗೋ, ನನ್ನ ಮೋರೆ ಕೆಂಪಾಯಿತು. ಕೂತಲ್ಲಿಂದಲೇ ತಲೆಯಾಡಿಸಿದೆ. ಗೋಡೆಯ ಮೇಲಿನವನೂ ಆಡಿಸಿದ.