ಸಾನಪಾಡಾಕ್ಕೆ ಹೊರಟ ನಿದ್ದೆ

ನಿದ್ದೆ ಬರುವುದಿಲ್ಲ ಎಂದು ಡೊಂಬಿವಲಿಯಲ್ಲಿ ಯಾರಿಗೂ ಹೇಳಬಾರದು. ಹೇಳಿದ ದಿನದಿಂದ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಾನು ಹೇಳಿರಲಿಲ್ಲ. ನಾನು ಸಾಮಾನ್ಯವಾಗಿ ಏನನ್ನೂ ಹೇಳುವವನಲ್ಲ. ಹೇಳಿದ್ದು ಹೆಂಡತಿ. ಅವಳು ಹೇಳಿದ್ದೂ ತನಗೆ ನಿದ್ದೆ ಬರುವುದಿಲ್ಲ ಎಂದು. ಕಾರಣ ನಾನು ಎಂದೂ ಸೇರಿಸಿದಳು.

ಇಡ್ಲಿ ಖಲಾಸ್

ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ನನ್ನ ಆಯುಷ್ಯ ಕಳೆಯಿತು. ಟೇಬಲ್ ಒರೆಸಿದ್ದೇನೆ, ಆರ್ಡರ್ ಕೂಗಿದ್ದೇನೆ, ಹಿಟ್ಟು ರುಬ್ಬಿದ್ದೇನೆ, ಕೊನೆಗೆ ಗಲ್ಲಾದಲ್ಲಿ ಕೂತಿದ್ದೇನೆ. ಬೆಳಕು ಹರಿಯುವ ಮೊದಲು ಮನೆ ಬಿಡುವುದು, ಎಲ್ಲರ ಊಟ ಮುಗಿದ ಮೇಲೆ ಬರುವುದು. ನಿದ್ದೆಯ ಬಗ್ಗೆ ಯೋಚಿಸಿದವನೇ ಅಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಹಿಟ್ಟು ರುಬ್ಬುವ ಯಂತ್ರದ ಪಕ್ಕದ ಬೆಂಚಿನಲ್ಲಿ ಮಲಗುತ್ತಿದ್ದೆ. ಯಂತ್ರ ತಿರುಗುವಷ್ಟು ಹೊತ್ತು ನಿದ್ದೆ, ನಿಂತರೆ ಎಚ್ಚರ. ಲೋಕಲ್ ರೈಲಿನಲ್ಲಂತೂ ನಿಂತೇ ನಿದ್ದೆ. ಅಷ್ಟು ವರ್ಷ ಓಡಾಡಿಯೂ ನಡುವಿನ ಮುಂಬ್ರಾ ಸ್ಟೇಷನ್ ಹೇಗಿದೆ ಎಂದು ನನಗೆ ಗೊತ್ತಿಲ್ಲ.

ಕಳೆದ ವರ್ಷ ಮಂಡಿ ಕೈಕೊಟ್ಟಿತು. ಮನೆಯಲ್ಲಿ ಕೂತೆ. ಮೆತ್ತನೆಯ ಹಾಸಿಗೆ, ಫ್ಯಾನು, ಸುತ್ತ ನಿಶ್ಶಬ್ದ. ನಿದ್ದೆ ಬರುವುದಾದರೂ ಹೇಗೆ? ಬಂದರೂ ನಾನು ಹೋಟೆಲಿಗೇ ಹೋಗುತ್ತೇನಂತೆ. "ದೋ ಇಡ್ಲಿ, ಸಾಂಬಾರ್ ಅಲಗ್" ಎಂದು ಕೂಗುತ್ತೇನಂತೆ. ಪಕ್ಕದಲ್ಲಿ ಮಲಗಿದವಳು ಎದ್ದು ಕೂರುತ್ತಾಳೆ. ಹೀಗೆ ಎಷ್ಟು ದಿನ? ಒಮ್ಮೆ ಅವಳು ಸಾಕಾಗಿ, "ಇಡ್ಲಿ ಖಲಾಸ್" ಎಂದಳಂತೆ. ನಾನು ತಕ್ಷಣ ಸುಮ್ಮನಾದೆನಂತೆ.

ಸ್ವಲ್ಪ ಹೊತ್ತು ಬಿಟ್ಟು ವಡೆ ಕೇಳಿದೆನಂತೆ.

ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ ಅವಳು ತೀರ್ಪು ಹೇಳಿದಳು. "ಕೇಳಿ. ಮಳೆಗಾಲದವರೆಗೆ ನೋಡ್ತೇನೆ. ಆಮೇಲೆ ನಾನು ಸಾನಪಾಡಾಕ್ಕೆ ಹೋಗಿ ಮಗಳ ಮನೆಯಲ್ಲಿ ಮಲಗುವುದೇ. ಅಲ್ಲಿ ಒಂದು ರೂಮು ಖಾಲಿ ಉಂಟು."

"ಎಷ್ಟು ದಿನಕ್ಕೆ?" ಎಂದೆ.

"ನಿಮ್ಮ ಹೋಟೆಲು ಮುಚ್ಚುವವರೆಗೆ."

ಅಳಿಯ ತಂದ ಮಳೆ

ವಿಷಯ ಮಗಳಿಗೆ ಹೋಯಿತು, ಮಗಳಿಂದ ಅಳಿಯನಿಗೆ. ಅಳಿಯ ರಬಾಳೆಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಮೂಲ ಹುಬ್ಬಳ್ಳಿ ಕಡೆ, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಅವನ ಕಂಪನಿಯಲ್ಲಿ ಆ ವಾರವೇ ಯಾರೋ ತಜ್ಞರು ಬಂದು ನಿದ್ದೆಯ ಮೇಲೆ ಭಾಷಣ ಮಾಡಿದ್ದರಂತೆ. ಭಾಷಣದಲ್ಲಿ ಅರ್ಧ ಜನ ಮಲಗಿದ್ದರಂತೆ. ಅದರ ಮೇಲೆ ಅವನಿಗೆ ನಂಬಿಕೆ ಬಂದಿತ್ತು.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. "ಮಾವಾರ, ಫೋನ್ ದೂರ ಇಡ್ರಿ" ಎಂದ. ನನ್ನ ಫೋನು ಯಾವಾಗಲೂ ದೂರವೇ ಇರುತ್ತದೆ, ಎಲ್ಲಿ ಎಂದು ಗೊತ್ತಿರುವುದಿಲ್ಲ. ಮಧ್ಯಾಹ್ನದ ಮೇಲೆ ಚಹಾ ಬೇಡ ಎಂದ. ನಾನು ಅವನನ್ನು ನೋಡಿದೆ. ಅವನು ಮುಂದಿನ ವಿಷಯಕ್ಕೆ ಹೋದ.

ಮುಂದಿನದು ಪ್ರಕೃತಿಯ ಶಬ್ದ. ಡಬ್ಬಿಯಂಥ ಒಂದು ಸ್ಪೀಕರ್ ತಂದಿದ್ದ. ನಮ್ಮಿಬ್ಬರನ್ನೂ ಮಲಗಿಸಿ, ಪರದೆ ಎಳೆದು, ಮಳೆಯ ಶಬ್ದ ಹಚ್ಚಿದ. ಕಣ್ಣು ಮುಚ್ಚಿ ಏನನ್ನೂ ಯೋಚಿಸಬೇಡಿ ಎಂದ. ಒಳ್ಳೆಯ ಮಳೆ, ನಮ್ಮೂರಿನ ಆಷಾಢದ ಹಾಗೆ. ನನಗೆ ಇನ್ನೇನು ಜೊಂಪು ಹತ್ತಬೇಕು, ಪಕ್ಕದಲ್ಲಿ ಹೆಂಡತಿ ಇಲ್ಲ. ಬಾಲ್ಕನಿಯಿಂದ ದಡದಡ ಸದ್ದು. ಒಣಹಾಕಿದ್ದ ಅಷ್ಟೂ ಬಟ್ಟೆಯನ್ನು ಅಪ್ಪಿಕೊಂಡು ಒಳಗೆ ಬಂದಳು.

ಹೊರಗೆ ಸುಡುಬಿಸಿಲು.

ಬಟ್ಟೆ ಇನ್ನೂ ಒದ್ದೆ. ಒಂದೊಂದಾಗಿ ವಾಪಸ್ ಹಾಕಿದಳು. ಆಮೇಲೆ ಅಳಿಯನಿಗೆ ಮೆಲ್ಲಗೆ ಹೇಳಿದಳು: "ಮಳೆ ನಿಲ್ಲಿಸಪ್ಪ. ಬೆಡ್‌ಶೀಟು ಒಣಗಲಿ."

ಜಾಯಿಕಾಯಿ ಹಾಲು

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮರಾಠಿಯವರು, ನನ್ನದೇ ವಯಸ್ಸು. ಲಿಫ್ಟಿನಲ್ಲಿ ಹೆಂಡತಿಯ ಮುಖ ನೋಡಿ ವಿಷಯ ತಿಳಿದುಕೊಂಡರು. ಬಿಸಿ ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಿರಿ, ಗುಂಡು ಹೊಡೆದಂತೆ ನಿದ್ದೆ ಬರುತ್ತದೆ ಎಂದರು.

ಇದು ನನ್ನ ಕೈಕೆಲಸ. ನಾನೇ ಮಾಡುತ್ತೇನೆ ಎಂದೆ. ತೊಂದರೆ ಏನೆಂದರೆ ನನಗೆ ಇಬ್ಬರಿಗೆ ಅಡುಗೆ ಮಾಡಲು ಬರುವುದಿಲ್ಲ. ಹೋಟೆಲಿನ ಕೈ. ದೊಡ್ಡ ಪಾತ್ರೆ ಇಡದಿದ್ದರೆ ಅಳತೆ ತಿಳಿಯುವುದಿಲ್ಲ. ಹಬ್ಬದ ಪಾತ್ರೆ ಇಳಿಸಿದೆ. ಡೇರಿಯವನು ಮದುವೆಯೇ ಎಂದು ಕೇಳಿದ. ಚೆನ್ನಾಗಿ ಕಾಯಿಸಿ, ಕೇಸರಿ ಹಾಕಿ, ಜಾಯಿಕಾಯಿ ಸ್ವಲ್ಪ ಧಾರಾಳವಾಗಿಯೇ ತೇಯ್ದೆ. ನಮಗೆ ಎರಡು ಲೋಟ. ಉಳಿದದ್ದನ್ನು ಏನು ಮಾಡುವುದು? ಹೆಂಡತಿ ನಮ್ಮ ಮಾಳಿಗೆಗೆ ಹಂಚಿದಳು, ಆಮೇಲೆ ಕೆಳಗಿನ ಮಾಳಿಗೆಗೆ. ಕೊನೆಗೆ ವಾಚ್‌ಮನ್ನಿಗೆ ಒಂದು ಚೊಂಬು.

ನಮಗೆ ನಿದ್ದೆ ಬರಲಿಲ್ಲ. ನಾನು ಮೂರು ದೋಸೆ ಕೂಗಿದೆನಂತೆ.

ನಮ್ಮಲ್ಲಿ ನೀರು ಬರುವುದು ಬೆಳಿಗ್ಗೆ. ಬಂದಾಗ ಪಂಪು ಹಾಕಿ ಮೇಲಿನ ಟಾಕಿ ತುಂಬಿಸುವವನು ವಾಚ್‌ಮನ್. ಅವತ್ತು ಅವನನ್ನು ಎಬ್ಬಿಸುವಷ್ಟರಲ್ಲಿ ನೀರು ಬಂದು ಹೋಗಿತ್ತು. ಸೆಕ್ರೆಟರಿ ತಲೆಗೆ ಎಣ್ಣೆ ಹಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಇಡೀ ಕಟ್ಟಡಕ್ಕೆ ಒಳ್ಳೆಯ ನಿದ್ದೆಯಾಗಿತ್ತು. ಸ್ನಾನ ಆಗಿರಲಿಲ್ಲ.

ಜೋಡಿಗಳಿಗೆ ಮಾತ್ರ

ಈಗ ಮಗಳು ಕೈಹಾಕಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಹಿಂದಿ. ಅಸಲು ತೊಂದರೆ ನಿದ್ದೆಯದಲ್ಲ, ನೀವಿಬ್ಬರೂ ಎಲ್ಲಿಗೂ ಹೋದವರೇ ಅಲ್ಲ ಎಂಬುದು ಅವಳ ವಾದ. ಕರ್ಜತ್ ಕಡೆ ಒಂದು ರಿಸಾರ್ಟು ಗೊತ್ತುಮಾಡಿಯೇ ಬಿಟ್ಟಳು. ಜೋಡಿಗಳಿಗೆ ಮಾತ್ರ.

ಲೋಕಲಿನಲ್ಲಿ ಹೊರಟೆವು. ಅವಳು ಲೇಡೀಸ್ ಡಬ್ಬ, ನಾನು ಜನರಲ್. ಮದುವೆಯಾಗಿ ಊರಿನಿಂದ ಬಂದ ಹೊಸತರಲ್ಲಿ, ಜನರಲ್ ಡಬ್ಬದ ನೂಕಾಟ ಹೆಂಗಸರಿಗಲ್ಲ ಎಂದು ಅವಳಿಗೆ ಲೇಡೀಸ್ ಡಬ್ಬ ನಿಲ್ಲುವ ಜಾಗ ತೋರಿಸಿದ್ದೆ. ಅಂದಿನಿಂದ ಹಾಗೆಯೇ. ಮದುವೆಮನೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಬೇರೆ ಬೇರೆ ಡಬ್ಬ, ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಇಂಡಿಕೇಟರಿನ ಕೆಳಗೆ ಭೇಟಿ. ಈ ಪ್ರಣಯಯಾತ್ರೆಯೂ ಹಾಗೆಯೇ ಆಯಿತು.

ರೂಮಿನಲ್ಲಿ ಹಾಸಿಗೆಯ ಮೇಲೆ ಗುಲಾಬಿ ಎಸಳು ಹರಡಿದ್ದರು. ಯಾರಾದರೂ ಕೂರುವ ಮೊದಲೇ ಹೆಂಡತಿ ಅಷ್ಟನ್ನೂ ಬಳಿದು ಚೀಲಕ್ಕೆ ಹಾಕಿದಳು, ದೇವರಿಗೆ ಆಗುತ್ತದೆ ಎಂದು. ಟವೆಲುಗಳನ್ನು ಮಡಚಿ ಎರಡು ಹಂಸ ಮಾಡಿಟ್ಟಿದ್ದರು, ಕೊಕ್ಕಿಗೆ ಕೊಕ್ಕು ತಾಗಿಸಿ. ಅವಳು ಒಂದು ಹಂಸದಿಂದ ಮುಖ ಒರೆಸಿದಳು. ಸಂಜೆ ಊಟಕ್ಕೆ ಮೇಜಿನ ಮೇಲೆ ಮೇಣದ ಬತ್ತಿ. ನಾನು ವೇಟರನ್ನು ಕರೆದು, ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿದೆ.

ಊಟದ ಮೇಲೆ ಆಟ. ಗಂಡ ಹೆಂಡತಿಗೆ ಇದುವರೆಗೆ ಹೇಳದ ಒಂದು ಮಾತು ಹೇಳಬೇಕು. ಎಳೆಯ ಜೋಡಿಗಳು ಏನೇನೋ ಹೇಳಿ ಅತ್ತವು. ನನ್ನ ಸರದಿ ಬಂತು. ಯೋಚಿಸಿ ಹೇಳಿದೆ: "ನಿನ್ನ ಎಡಗಾಲಿನ ಚಪ್ಪಲಿ ಪಟ್ಟಿ ಹರಿಯಲಿಕ್ಕೆ ಬಂದಿದೆ."

ಅವಳು ಬಗ್ಗಿ ನೋಡಿದಳು. ಹೌದು. ಆದರೂ ಬಹುಮಾನ ಬೇರೆಯವರಿಗೆ ಹೋಯಿತು.

ಮರುದಿನ ಅಭ್ಯಾಸದಂತೆ ಕೋಳಿಗಿಂತ ಮೊದಲು ಎಚ್ಚರವಾಯಿತು. ಅವಳನ್ನು ಎಬ್ಬಿಸಬಾರದೆಂದು ಹೊರಗೆ ಬಂದೆ. ಅಡುಗೆಮನೆಯಲ್ಲಿ ಬೆಳಕಿತ್ತು, ರುಬ್ಬುವ ಸದ್ದಿತ್ತು. ಕಾಲು ತಾನೇ ಹೋಯಿತು. ಅಡುಗೆಭಟ್ಟರು ಕುಂದಾಪುರ ಕಡೆಯವರು, ಸಹಾಯಕ ಬಂದಿಲ್ಲ ಎಂದು ತಲೆಮೇಲೆ ಕೈಹೊತ್ತು ನಿಂತಿದ್ದರು. ನಾನು ಅಂಗಿ ಬಿಚ್ಚಿ ಮೊಳೆಗೆ ಹಾಕಿದೆ.

ಬಿಸಿಲು ಏರಿದ ಮೇಲೆ ಹೆಂಡತಿ ತಿಂಡಿಗೆ ಬಂದಳು. ಇಡ್ಲಿ ಒಂದು ತುಂಡು ಬಾಯಿಗಿಟ್ಟಳು. ಅಲ್ಲೇ ನಿಲ್ಲಿಸಿ, ತಟ್ಟೆ ಹಿಡಿದುಕೊಂಡು ನೇರ ಅಡುಗೆಮನೆಗೆ ಬಂದಳು. ನಾನು ಬನಿಯನ್ನಿನಲ್ಲಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಬೈಯಲಿಲ್ಲ. ಮುಖ ಅರಳಿತ್ತು. ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂದಿತ್ತು, ಪಕ್ಕದಲ್ಲಿ ನಾನಿರಲಿಲ್ಲವಲ್ಲ.

ಹೊರಡುವಾಗ ಮ್ಯಾನೇಜರ್ ನನ್ನ ಕೈ ಹಿಡಿದು, "ಅಂಕಲ್, ಮುಂದಿನ ಶನಿವಾರವೂ ಬರ್ತೀರಾ?" ಎಂದು ಕೇಳಿದ.

"ಇವರೊಬ್ಬರನ್ನೇ ಕಳಿಸಿದರೆ ಆಗ್ತದಾ?" ಎಂದಳು ಹೆಂಡತಿ.

ಸಾನಪಾಡಾ

ಕರ್ಜತ್ ಒಂದು ವಿಷಯವನ್ನು ಖಚಿತ ಮಾಡಿತ್ತು. ಅವಳ ನಿದ್ದೆಗೆ ನಾನೇ ಅಡ್ಡಿ. ಮಳೆಗಾಲ ಹತ್ತಿರ ಬಂದಿತ್ತು. ಅವಳು ಚೀಲ ತುಂಬಿದಳು. ಸೀರೆ, ಮಾತ್ರೆ, ಜಪಮಾಲೆ. ಕೊನೆಗೆ ತನ್ನ ತಲೆದಿಂಬು ತುರುಕಿದಳು. ದಿಂಬು ನೋಡಿದ ಮೇಲೆ ನನಗೆ ವಿಷಯ ಗಂಭೀರ ಎಂದು ತಿಳಿಯಿತು. ದಿಂಬು ತೆಗೆದುಕೊಂಡು ಹೋದವರು ಬೇಗ ಬರುವುದಿಲ್ಲ.

ಹೋಗಬೇಡ ಎಂದು ಹೇಳಬೇಕು ಅಂದುಕೊಂಡೆ. ಮನೆಯಲ್ಲಿ ಆಗಲಿಲ್ಲ. ರಿಕ್ಷಾದಲ್ಲಿ ಡ್ರೈವರ್ ಇದ್ದ. ಡೊಂಬಿವಲಿಯಿಂದ ಠಾಣೆಗೆ ಅವಳು ಬೇರೆ ಡಬ್ಬ. ಠಾಣೆಯಲ್ಲಿ ಸಾನಪಾಡಾ ಮೇಲೆ ಹೋಗುವ ವಾಶಿ ಲೋಕಲ್ ನಿಂತಿತ್ತು. ಭಾನುವಾರ ಮಧ್ಯಾಹ್ನ, ಡಬ್ಬಗಳೆಲ್ಲ ಖಾಲಿ. ಅವಳು ಅಭ್ಯಾಸದಂತೆ ಲೇಡೀಸ್ ಕಡೆ ತಿರುಗಿದಳು. ಚೀಲ ನನ್ನ ಕೈಯಲ್ಲಿತ್ತು, ಭಾರವಾಗಿತ್ತು. "ಇಲ್ಲೇ ಕೂರು" ಎಂದೆ. ಅವಳು ಸುತ್ತ ನೋಡಿ, ಸೆರಗು ಸರಿಮಾಡಿಕೊಂಡು, ಯಾರದೋ ಮನೆಗೆ ಬಂದವಳಂತೆ ಕೂತಳು. ಇಷ್ಟು ವರ್ಷದಲ್ಲಿ ಲೋಕಲಿನಲ್ಲಿ ನಾವು ಪಕ್ಕಪಕ್ಕ ಕೂತದ್ದು ಅದೇ ಮೊದಲು.

ಗಾಡಿ ಬಿಟ್ಟಿತು. ಐರೋಲಿ ಸ್ಟೇಷನ್ನಿನಲ್ಲಿ ಹೇಳೋಣ ಎಂದುಕೊಂಡೆ. ಐರೋಲಿ ಬಂತು. ಒಬ್ಬ ಹತ್ತಿ ಎದುರಿಗೆ ಕೂತ. ರಬಾಳೆಯಲ್ಲಿ ಅವನು ಇಳಿಯಬಹುದು, ಆಗ ಹೇಳೋಣ ಎಂದುಕೊಂಡೆ.

ರಬಾಳೆ ಬಂದದ್ದು ನನಗೆ ಗೊತ್ತಿಲ್ಲ.

ಯಾರೋ ಭುಜ ತಟ್ಟಿದರು. ಕಣ್ಣು ಬಿಟ್ಟರೆ ಕರಿ ಕೋಟಿನ ಟಿಸಿ. ನಗುತ್ತಿದ್ದ. ಟಿಕೆಟ್ ಕೇಳಿದ್ದಕ್ಕೆ ನಾನು ಅವನಿಗೆ, ಎರಡು ನಿಮಿಷ ಕೂರಿ, ವಡೆ ಬಿಸಿ ಆಗುತ್ತಿದೆ ಎಂದೆನಂತೆ. ಹೆಂಡತಿಯ ಕಡೆ ನೋಡಿದೆ. ಗಾಡಿಯ ಗಡಗಡದಲ್ಲಿ ನನ್ನ ವಡೆ ಅವಳಿಗೆ ಕೇಳಿಸಿರಲೇ ಇಲ್ಲ. ಚೀಲದಿಂದ ದಿಂಬು ತೆಗೆದು ನನ್ನ ಹೆಗಲ ಮೇಲಿಟ್ಟು, ಅದರ ಮೇಲೆ ತಲೆಯಿಟ್ಟು, ಬಾಯಿ ತೆರೆದು ಮಲಗಿದ್ದಳು.

ಟಿಸಿ ಟಿಕೆಟ್ ನೋಡಿದ. ಹೊರಗೆ ನೋಡಿದ. ಕಾಕಾ, ಸಾನಪಾಡಾ ಹಿಂದೆ ಹೋಯಿತು, ಈ ಗಾಡಿ ವಾಶಿಗೆ ಹೋಗಿ ತಿರುಗಿ ಠಾಣೆಗೆ ಹೊರಟಿದೆ ಎಂದ. ಎಷ್ಟನೇ ಸಲ ತಿರುಗಿದೆಯೋ ಅವನಿಗೂ ತಿಳಿಯದು, ನನಗೂ ತಿಳಿಯದು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳು. ಆಗಲೇ ಎಷ್ಟೋ ಸಲ ಮಾಡಿದ್ದಳು. ಸಾನಪಾಡಾ ಸ್ಟೇಷನ್ನಿನಲ್ಲಿ ನಿಂತು ಕಾಲು ನೋಯುತ್ತಿದೆಯಂತೆ, ಎಲ್ಲಿದ್ದೀರಿ ಎಂದು ಹಿಂದಿಯಲ್ಲಿ ಕೂಗುತ್ತಿದ್ದಳು.

ಹೆಂಡತಿ ಎಚ್ಚೆತ್ತಳು. ನನ್ನನ್ನು ನೋಡಿದಳು, ದಿಂಬು ನೋಡಿದಳು, ಕಿಟಕಿಯ ಹೊರಗೆ ಹಿಂದಕ್ಕೆ ಓಡುತ್ತಿದ್ದ ಕಾರ್ಖಾನೆಗಳನ್ನು ನೋಡಿದಳು. ಫೋನು ತೆಗೆದುಕೊಂಡು, "ಮನೆಗೆ ಹೋಗು ಮಗಾ. ನಾವು ಟೂರಿನಲ್ಲಿದ್ದೇವೆ" ಎಂದು ಇಟ್ಟಳು.

ಆಮೇಲೆ ನನ್ನನ್ನು ಕೇಳಿದಳು. "ಆಗ ಎಂತದೋ ಹೇಳಲಿಕ್ಕೆ ಬಾಯಿ ತೆರೆದದ್ದಲ್ವಾ ನೀವು?"

"ಇಲ್ಲ" ಎಂದೆ.

"ಗೊತ್ತುಂಟು" ಎಂದಳು.

ಟಿಸಿ ಇನ್ನೂ ನಿಂತಿದ್ದ. ದಂಡ ಕಟ್ಟಲೇಬೇಕು, ಮುಂದಿನ ಟಿಕೆಟನ್ನೂ ಇಲ್ಲೇ ಬರೆದುಕೊಡುತ್ತೇನೆ ಎಂದು ಪೆನ್ನು ತೆಗೆದ. ಎಲ್ಲಿಯವರೆಗೆ ಬರೆಯಲಿ ಎಂದು ಮರಾಠಿಯಲ್ಲಿ ಕೇಳಿದ.

ಹೆಂಡತಿ ದಿಂಬು ತಟ್ಟಿ ನನ್ನ ಹೆಗಲ ಮೇಲೆ ಸರಿಯಾಗಿ ಕೂರಿಸಿದಳು. ಮರಾಠಿಯಲ್ಲೇ ಉತ್ತರ ಕೊಟ್ಟಳು.

"ಸಂಜೆಯವರೆಗೆ."