ಸೋಫಾ ಅಂಗಡಿಯ ಕೊನೆಯ ವಾರ

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನನಗೆ ಆಗುತ್ತಲೇ ಇರುತ್ತದೆ. ಇಂದಿರಾನಗರದ ಒಂದು ದೊಡ್ಡ ಫರ್ನಿಚರ್ ಶೋರೂಮಿನಲ್ಲಿ ಹನ್ನೊಂದು ವರ್ಷ ಸೇಲ್ಸ್‌ಮನ್ ಆಗಿದ್ದೆ. ಊರಿನ ಎಲ್ಲ ಶಾಖೆಗಳನ್ನೂ ಮುಚ್ಚುತ್ತೇವೆ ಎಂದು ಕಂಪನಿ ಹೇಳಿದಾಗ ನನಗೆ ನಲವತ್ತೇಳು. ಈ ವಯಸ್ಸಿನವನಿಗೆ ಯಾರು ಕೆಲಸ ಕೊಡುತ್ತಾರೆ?

ಬೋರ್ಡಿನ ಮಹಿಮೆ

ಎರಡು ವರ್ಷದಿಂದ ನೊಣ ಹೊಡೆಯುತ್ತಿದ್ದೆವು. 'ಅಂಗಡಿ ಮುಚ್ಚುತ್ತಿದ್ದೇವೆ' ಎಂದು ಬೋರ್ಡು ಹಾಕಿದ್ದೇ ತಡ, ಕಾಲಿಡಲು ಜಾಗವಿಲ್ಲ. ಕುಕ್ ಟೌನಿನ ಹಿರಿಯರೊಬ್ಬರು ಜನರನ್ನು ನೋಡಿ ನನ್ನ ಬೆನ್ನು ತಟ್ಟಿದರು.

"ಒಳ್ಳೆ ಐಡಿಯಾ ರೀ. ವರ್ಷಾ ವರ್ಷಾ ಹಿಂಗೇ ಮುಚ್ತಾ ಇರಿ, ಅಂಗಡಿ ಚೆನ್ನಾಗಿ ನಡೆಯುತ್ತೆ!"

ಅಳತೆಯವರು

ಇನ್ನೊಬ್ಬರಿದ್ದರು. ತಿಂಗಳಿಗೊಮ್ಮೆ ಟೇಪು ಹಿಡಿದು ಬಂದು ಮಂಚ, ಬೀರು ಎಲ್ಲ ಅಳೆದು, ಫೋಟೋ ತೆಗೆದು, ಶಿವಾಜಿನಗರದ ಬಡಗಿಗೆ ಕಳಿಸುತ್ತಿದ್ದರು. ಒಂದು ಸ್ಟೂಲನ್ನೂ ಕೊಂಡವರಲ್ಲ. ಬೋರ್ಡು ನೋಡಿ ಮುಖ ಬಾಡಿಸಿಕೊಂಡರು.

"ಏನ್ರೀ ಇದು ಅನ್ಯಾಯ! ಬಾಗಿಲು ಹಾಕೋ ಮೊದ್ಲು ನಮ್ಮಂಥ ಹಳೇ ಕಸ್ಟಮರ್ಸ್‌ನ ಒಂದ್ಮಾತು ಕೇಳ್ಬಾರ್ದಾ?"

ಕೊನೆಯ ಕವರು

ಶನಿವಾರ ಎಚ್‌ಆರ್ ಸಾಹೇಬರು ಬಂದರು. ಕೆಲಸದಿಂದ ತೆಗೆಯುವ ಪತ್ರಗಳ ಕಟ್ಟು ಹೆಡ್ ಆಫೀಸಿನಿಂದ ಬಂದಿತ್ತು, ಎಲ್ಲ ಅಂಟಿಸಿದ ಕವರುಗಳು. ಅದನ್ನು ಮಾರಾಟಕ್ಕೆ ಉಳಿದಿದ್ದ ಮೇಜಿನ ಡ್ರಾಯರಿನಲ್ಲಿಟ್ಟು, ಮೇಲಿನಿಂದ ಒಂದೊಂದೇ ತೆಗೆದು ಹೆಸರು ಕರೆಯತೊಡಗಿದರು. ಮೊದಲನೆಯದೇ ನನ್ನದು.

"ನೋಡಿ, ಕಂಪನಿ ಪರಿಸ್ಥಿತಿ..." ಎನ್ನುವಷ್ಟರಲ್ಲಿ ಕಲ್ಯಾಣ ನಗರದ ದಂಪತಿ ಬಂದು, "ಈ ಟೇಬಲ್ ಎಷ್ಟು?" ಎಂದರು.

ಹನ್ನೊಂದು ವರ್ಷದ ಅಭ್ಯಾಸ. "ಒಂದ್ನಿಮಿಷ ಸಾರ್, ಕಸ್ಟಮರ್" ಎಂದು ಕವರನ್ನು ಮತ್ತೆ ಡ್ರಾಯರಿಗೇ ಹಾಕಿ ಅವರತ್ತ ತಿರುಗಿದೆ. ತೇಗದ ಮರದ ಗುಣಗಾನ ಮಾಡಿದೆ. ಅಂಗಡಿಯಲ್ಲಿ ಕೊನೆಗೆ ಉಳಿದಿದ್ದ ಆ ಮೇಜನ್ನೂ ಸಾಹೇಬರು ಕೂತಿದ್ದ ಕುರ್ಚಿಯನ್ನೂ ಒಟ್ಟಿಗೇ ಮಾರಿದೆ. ಸಾಹೇಬರು ಯಾರದೋ ಫೋನು ಬಂತೆಂದು ಹೊರಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಟೆಂಪೋ ಹೊರಟಿತ್ತು, ಕವರುಗಳ ಸಮೇತ.

ಸಾಹೇಬರು ತಲೆ ಚಚ್ಚಿಕೊಂಡರು. "ಲೆಟರ್ ಕೊಡದೆ ನಿಮ್ಮನ್ನ ತೆಗೆಯೋಕಾಗಲ್ಲ ಕಣ್ರೀ! ನೀವೇ ಹೋಗಿ ತನ್ನಿ."

ನನ್ನ ಕೆಲಸ ಹೋದ ಪತ್ರ ತರಲು ನಾನೇ ಆಟೋ ಹತ್ತಿದೆ. ದಾರಿಯಲ್ಲಿ ಕಣ್ಣು ತುಂಬಿ ಬಂತು, ನಾಚಿಕೆ ಬಿಟ್ಟು ಅತ್ತೆ.

ಕಟ್ಟು ತಂದುಕೊಟ್ಟೆ. ಸಾಹೇಬರು ನಿಂತುಕೊಂಡೇ ಹೆಸರು ಕರೆದರು. ಎಲ್ಲರಿಗೂ ಹಂಚಿದ ಮೇಲೆ ಒಂದು ಕವರು ಉಳಿಯಿತು. ಅದರ ಮೇಲಿನ ಹೆಸರನ್ನು ಅವರು ಎರಡೆರಡು ಸಲ ಓದಿದರು. ಕವರು ಒಡೆದು ನೋಡಿ ಗೋಡೆಗೆ ಒರಗಿದರು. ಅದು ಅವರದೇ.

ನಮಗೆಲ್ಲ ಅವರ ಮೇಲಿದ್ದ ಸಿಟ್ಟು ಒಮ್ಮೆಗೇ ಇಳಿಯಿತು. ನಾನು ಓಡಿಹೋಗಿ ತೋಳು ಹಿಡಿದು, "ಸುಧಾರಿಸ್ಕೊಳ್ಳಿ ಸಾರ್, ಸ್ವಲ್ಪ ಕೂತ್ಕೊಳ್ಳಿ" ಎಂದೆ.

ಅವರು ಸುತ್ತಲೂ ನೋಡಿ ಕ್ಷೀಣ ದನಿಯಲ್ಲಿ ಕೇಳಿದರು, "ಎಲ್ಲಿ ಕೂರ್ಲಿ? ಕುರ್ಚಿನೂ ಮಾರಿಬಿಟ್ರಲ್ರೀ!"