ನನ್ನನ್ನು ಕಾಪಾಡಲು ಬಂದ ಹೆಲಿಕಾಪ್ಟರ್

ಮಾರಂಡಹಳ್ಳಿ ಕಡೆ ಯಾವ ಆಪತ್ತು ಬಂದರೂ ಮೊದಲು ನಮ್ಮ ಮನೆ ಎಲ್ಲಿ ಅಂತ ಕೇಳಿಕೊಂಡೇ ಬರುತ್ತದೆ. ಚಿರತೆ ಬಂದಿದೆ, ಸಿಡಿಲು ಬಂದಿದೆ. ಎರಡೂ ನನ್ನ ಮುಖ ನೋಡಿ ವಾಪಸು ಹೋಗಿವೆ. ಹೋದ ವರ್ಷ ಹೆಲಿಕಾಪ್ಟರೇ ಬಂತು.

೧. ಬಂಡೆ

ಹಳ್ಳದ ನಡುವೆ ಆನೆಯಷ್ಟು ದೊಡ್ಡ ಬಂಡೆ. ಅದರ ಮೇಲೆ ಹತ್ತಿದ್ದ ನಮ್ಮ ಟಗರನ್ನು ಹಿಡಿಯಲು ಹೋದೆ. ಬೆಟ್ಟದಲ್ಲಿ ಎಲ್ಲೋ ಮಳೆ ಸುರಿದಿತ್ತು; ಒಂದು ಬೀಡಿ ಸೇದುವಷ್ಟರಲ್ಲಿ ಹಳ್ಳ ದಡ ತುಂಬಿ ಬಂತು. ನಾನು ಈಜಿಗಿಳಿದರೆ ಕಾವೇರಿಯೇ ದಾರಿ ಬಿಡುತ್ತಾಳೆ. ಆದರೆ ಟಗರಿಗೆ ಭಯ, ಅದಕ್ಕೆ ಧೈರ್ಯ ಹೇಳುತ್ತಾ ಕೂತೆ. ಹೆಂಡತಿ ದಡಕ್ಕೆ ಓಡಿ ಬಂದು ಕೂಗಿದಳು: "ಏನೂಂದ್ರೆ, ಟಗರು ಉಸಾರಾಗೈತಾ?"

೨. ಲೆಕ್ಕಾಚಾರ

ತಾಲ್ಲೂಕು ಆಫೀಸರು ಜೀಪಿನಲ್ಲಿ ಬಂದರು. ಹಗ್ಗ ಎಸೆದರೆ ಎಟುಕಲಿಲ್ಲ. ಹಳ್ಳದ ಸದ್ದಿನಲ್ಲೂ ಅವರ ಮಾತೆಲ್ಲ ನನಗೆ ಕೇಳುತ್ತಿತ್ತು. ನನ್ನ ಕಿವಿ ಅಂಥದು.

"ಹೆಲಿಕಾಪ್ಟರ್ ಕರೆಸಬೋದು. ಆದ್ರೆ ಕರೆಂಟ್ ತಂತಿ ಐತೆ, ತೆಂಗಿನ ಮರ ಐತೆ. ಒಬ್ಬರಿಗೋಸ್ಕರ ಒಳಗಿರೋ ನಾಲ್ಕು ಜನದ ಜೀವ ಪಣ. ಖರ್ಚೂ ಜಾಸ್ತಿ. ಪೆರಿಯವರಿಗೆ, ನಿಮ್ಮ ಯಜಮಾನರಿಗೆ, ವಯಸ್ಸೆಷ್ಟಮ್ಮ?"

"ಎಪ್ಪತ್ತೆಂಟು ಸಾರ್," ಅಂದಳು ಹೆಂಡತಿ.

"ಅರವತ್ತು ಸಾರ್," ಅಂತ ನಾನು ಬಂಡೆಯಿಂದಲೇ ಕೂಗಿದೆ.

ಪಕ್ಕದ ಮನೆಯವನು ನಡುವೆ ಬಾಯಿ ಹಾಕಿದ: "ಸಾಯಂಕಾಲಕ್ಕೆ ನೀರು ಇಳೀತದೆ ಸಾರ್. ಅಲ್ಲೀಗಂಟ ಮಾವ ಕತೆ ಏಳ್ಕಂಡಿರ್ಲಿ. ಟಗರು ಎದ್ದು ಓಗಕ್ಕಾಗಲ್ಲ, ಕೇಳ್ತದೆ."

೩. ಗಾಳಿ

ನೀರು ಬಂಡೆ ಮೇಲೂ ಏರಿ ನನ್ನ ಮೊಣಕಾಲು ಮುಟ್ಟಿದ ಮೇಲೆ ಆಫೀಸರು ಫೋನಿನಲ್ಲಿ "ಕಳಿಸಿ" ಅಂದರು. ಹೆಲಿಕಾಪ್ಟರ್ ತಂತಿ ತಪ್ಪಿಸಲು ದಡದ ಕಣದ ಮೇಲೆ ಸುತ್ತಿ ಬಂತು. ಅಲ್ಲಿ ಊರವರ ರಾಗಿ ರಾಶಿ ಬಿದ್ದಿತ್ತು. ಒಕ್ಕಿದ್ದಾಗಿತ್ತು, ತೂರಲು ವಾರದಿಂದ ಗಾಳಿಯೇ ಇರಲಿಲ್ಲ.

ರೆಕ್ಕೆಯ ಗಾಳಿಗೆ ನಮ್ಮ ರಾಶಿಯ ಟಾರ್ಪಾಲು ಹಾರಿತು. ಹೊಟ್ಟೆಲ್ಲ ಮೋಡದ ಹಾಗೆ ಎದ್ದು ಆಫೀಸರ ತಲೆ ಮೇಲೆ ಕೂತಿತು. ಕಾಳು ಕೆಳಗೆ ಬಂಗಾರದ ಹಾಗೆ ನಿಂತಿತು. ನೋಡಿದ್ದೇ ತಡ, ನನ್ನ ಹೆಂಡತಿ ಮೊರ ಹಿಡಿದು ಓಡಿದಳು. ಅವಳ ಹಿಂದೆ ಊರೇ ಓಡಿತು. ಎಲ್ಲರೂ ಮೇಲೆ ನೋಡಿ, ಇಲ್ಲೇ ಇರು ಅಂತ ಕೈ ಬೀಸಿದರು. ಅಲ್ಲೂ ಜನ ಆಪತ್ತಿನಲ್ಲಿದ್ದಾರೆ ಅಂದುಕೊಂಡ ಪೈಲಟ್ಟು ಪಾಪ ಅಲ್ಲೇ ಸುತ್ತಿದ. ಎಣ್ಣೆ ಮುಗಿಯುತ್ತಾ ಬಂದಾಗ ಸೇಲಂ ಕಡೆ ತಿರುಗಿಸಿಕೊಂಡು ಹೊರಟೇ ಹೋದ.

ಅಷ್ಟರಲ್ಲಿ ಬಂಡೆ ಬಿಟ್ಟು ಇಳಿದ ನೀರು ಹಳ್ಳದಲ್ಲಿ ಸೊಂಟದ ಮಟ್ಟಕ್ಕೆ ಬಂದಿತ್ತು. ಟಗರನ್ನು ಹೆಗಲಿಗೇರಿಸಿ, ಹಳ್ಳ ಸೀಳಿಕೊಂಡು ದಡಕ್ಕೆ ಬಂದೆ.

"ಏನೇ, ನನ್ನ ಜೀವ ಉಳಿಸಾಕೆ ಬಂದಿದ್ದನ್ನ ರಾಗಿ ತೂರಕ್ಕೆ ಇಟ್ಕಂಡ್ಯಾ?"

ಅವಳು ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ಯಾಕ್ ಬಂದ್ರಿ? ಎಣ್ಣೆ ತುಂಬಿಸ್ಕಂಡು ಇನ್ನೊಂದು ಸಲ ಬತ್ತದಂತೆ. ಪಕ್ಕದ್ಮನೆಯೋರ ರಾಶಿ ಅಂಗೇ ಐತೆ. ಓಗಿ, ಬಂಡೆ ಮೇಲೆ ಕೂತ್ಕಳಿ."